ಒಂದು ದಿನಕ್ಕೆಂದು ಅಚ್ಚಾದ ಹಾಡಿನ ಹಾಳೆಗಳು

1684ರ ಜನವರಿಯಲ್ಲಿ ಲಂಡನ್ನಿನ ಥೇಮ್ಸ್ ನದಿ ಹೆಪ್ಪುಗಟ್ಟಿತ್ತು. ಮಂಜುಗಡ್ಡೆ ಎಷ್ಟು ದಪ್ಪವಾಗಿತ್ತು ಅಂದರೆ ಅದರ ಮೇಲೆ ಅಂಗಡಿ ಸಾಲು ಎದ್ದವು, ಕುದುರೆ ಗಾಡಿಗಳು ಓಡಾಡಿದವು. ಊರಿಗೆ ಊರೇ ಜಾತ್ರೆಗೆ ಬಂದ ಹಾಗೆ ನದಿಗೆ ಇಳಿಯಿತು. ಮುದ್ರಕರೂ ಸುಮ್ನೆ ಕೂರಲಿಲ್ಲ. ಅಚ್ಚಿನ ಯಂತ್ರವನ್ನೇ ಹೊತ್ತು ತಂದು ನದಿಯ ಮೇಲೆ ನಿಲ್ಲಿಸಿದರು. ನೀವು ಹೆಸರು ಹೇಳಿದರೆ ಸಾಕು, ಅಕ್ಷರದ ಅಚ್ಚುಮೊಳೆ ಜೋಡಿಸಿ ಒಂದು ಚೀಟಿಯ ಮೇಲೆ ನಿಮ್ಮ ಹೆಸರು, ಆ ದಿನದ ತಾರೀಖು, 'ಥೇಮ್ಸ್ ನದಿಯಲ್ಲಿ, ಮಂಜಿನ ಮೇಲೆ ಅಚ್ಚಾದದ್ದು' ಎಂಬ ಸಾಲು ಅಚ್ಚು ಹಾಕಿ ಕೊಡುತ್ತಿದ್ದರು. ಜಾನ್ ಈವ್ಲಿನ್ ಎಂಬವರು ತಮ್ಮ ದಿನಚರಿಯಲ್ಲಿ ಇದರ ಲೆಕ್ಕ ಬರೆದಿಟ್ಟಿದ್ದಾರೆ. ಒಂದು ಹೆಸರಿಗೆ ಆರು ಪೆನ್ಸ್. ಮುದ್ರಕನಿಗೆ ದಿನಕ್ಕೆ ಐದು ಪೌಂಡ್ ಸಂಪಾದನೆ.

ಜನವರಿ 31ರ ತಾರೀಖಿನ ಒಂದು ಚೀಟಿಯಲ್ಲಿ ರಾಜ ಎರಡನೇ ಚಾರ್ಲ್ಸನ ಹೆಸರಿದೆ. ಅದರ ಕೆಳಗೆ ತಮ್ಮ ಜೇಮ್ಸ್, ರಾಣಿ ಕ್ಯಾಥರೀನ್, ಹೀಗೆ ಮನೆಮಂದಿಯ ಹೆಸರುಗಳು. ಕಡೆಯ ಹೆಸರು 'ಹ್ಯಾನ್ಸ್ ಇನ್ ಕೆಲ್ಡರ್'. ಇದು ಡಚ್ಚರ ನುಡಿ. ನೆಲಮಾಳಿಗೆಯಲ್ಲಿರುವ ಹ್ಯಾನ್ಸ್ ಅಂತ ಅರ್ಥ. ಹೊಟ್ಟೆಯೊಳಗಿರುವ ಕೂಸಿಗೆ ಹಾಗೆ ಅನ್ನುತ್ತಿದ್ದರು. ಜೇಮ್ಸನ ಮಗಳು ಆನ್ ಆಗ ಬಸುರಿ. ಆ ಕೂಸು ಮೇ ತಿಂಗಳಲ್ಲಿ ಹುಟ್ಟಿದಾಗ ಅದಕ್ಕೆ ಉಸಿರಿರಲಿಲ್ಲ. ಜಾತ್ರೆಯ ದಿನ ಆ ಮನೆಯವರಿಗೆ ಇದ್ದ ಸಂಭ್ರಮ ಮಾತ್ರ ಒಂದು ಚೀಟಿಯ ಮೇಲೆ ಹಾಗೇ ಉಳಿದುಕೊಂಡಿದೆ.

ಹೀಗೆ ಒಂದು ದಿನಕ್ಕೆ, ಒಂದು ಸಂದರ್ಭಕ್ಕೆ ಅಂತ ಅಚ್ಚಾದ ಬಿಡಿ ಹಾಳೆಗಳ ಬಗ್ಗೆ ನನಗೆ ವರ್ಷಗಳಿಂದ ಹುಚ್ಚು. ಅದರಲ್ಲೂ ಹಾಡು, ಪದ್ಯ ಇರುವ ಹಾಳೆಗಳು. ಇಂಗ್ಲಿಷಿನಲ್ಲಿ ಇವಕ್ಕೆ ಬ್ರಾಡ್‌ಸೈಡ್ ಅನ್ನುತ್ತಾರೆ. ಇವನ್ನು ಕೂಡಿಡುವುದು ಅಂದರೇನು, ಒಂದು ಹಾಳೆಯನ್ನು ಹೇಗೆ ಓದಬೇಕು, ಅದರ ವಯಸ್ಸನ್ನು ಹೇಗೆ ಕಂಡುಹಿಡಿಯುತ್ತಾರೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಹಾಳೆ ಅಂದರೆ ಯಾವ ಹಾಳೆ ಎಂಬುದು. ಬ್ರಾಡ್‌ಸೈಡ್ ಅಂದರೆ ಒಂದೇ ಬದಿಗೆ ಅಚ್ಚಾದ ಒಂದೇ ಹಾಳೆ. ಹಿಂಬದಿ ಖಾಲಿ. ಪುಸ್ತಕವಾದರೆ ಎರಡೂ ಬದಿಗೆ ಅಚ್ಚು ಹಾಕಬೇಕು, ಮಡಿಸಬೇಕು, ಹೊಲಿಯಬೇಕು, ರಟ್ಟು ಕಟ್ಟಬೇಕು. ಇಲ್ಲಿ ಅದ್ಯಾವುದೂ ಇಲ್ಲ. ಬೆಳಿಗ್ಗೆ ಪದ್ಯ ಬಂದರೆ ಸಂಜೆಗೆ ಹಾಳೆ ಬೀದಿಯಲ್ಲಿರುತ್ತಿತ್ತು. ಬೆಲೆ ಅರ್ಧ ಪೆನ್ನಿಯೋ ಒಂದು ಪೆನ್ನಿಯೋ. ಹಿಂಬದಿ ಖಾಲಿ ಇದ್ದದ್ದರಿಂದ ಜನ ಅದನ್ನು ಗೋಡೆಗೆ ಅಂಟಿಸುತ್ತಿದ್ದರು. 1653ರಲ್ಲಿ ಬಂದ ಮೀನು ಹಿಡಿಯುವ ಕಲೆಯ ಪುಸ್ತಕದಲ್ಲಿ ಐಸಾಕ್ ವಾಲ್ಟನ್ ಒಂದು ಒಳ್ಳೆಯ ಸಾರಾಯಿ ಮನೆಯನ್ನು ವರ್ಣಿಸುತ್ತಾರೆ. ಚೊಕ್ಕ ಕೋಣೆ, ಕಿಟಕಿಯಲ್ಲಿ ಲ್ಯಾವೆಂಡರ್, ಗೋಡೆಯ ತುಂಬ ಇಪ್ಪತ್ತು ಹಾಡಿನ ಹಾಳೆ.

ನಮಗೆ ಇದು ಅಪರಿಚಿತವೇನೂ ಅಲ್ಲ. ಮೇಷ್ಟ್ರು ನಿವೃತ್ತಿಯಾದಾಗ ಊರವರು ಓದಿ ಅರ್ಪಿಸುತ್ತಿದ್ದ ಬಿನ್ನವತ್ತಳೆ ನೆನಪಿದೆ ಅಲ್ವಾ? ಅದೂ ಒಂದೇ ಹಾಳೆ, ಒಂದೇ ಬದಿ. ಸುತ್ತ ಬಳ್ಳಿಯ ಅಂಚು. ಮೇಲೆ ಹೆಸರು, ನಡುವೆ 'ಮಾನ್ಯರೇ', 'ವಿದ್ಯಾದಾನಿಗಳೇ' ಎಂದು ಶುರುವಾಗುವ ಭಾಗಗಳು, ಕೆಲವೊಮ್ಮೆ ಕಡೆಗೆ ಊರಿನ ಕವಿ ಕಟ್ಟಿದ ಪದ್ಯ, ಕೆಳಗೆ 'ಇಂತಿ ತಮ್ಮ ವಿಶ್ವಾಸಿಗಳು'. ಉತ್ತರ ಕರ್ನಾಟಕದ ಮದುವೆಗಳಲ್ಲಿ ವಧೂವರರ ಹೆಸರು ಸೇರಿಸಿ ಕಟ್ಟಿದ ಮಂಗಲಾಷ್ಟಕವನ್ನು ಅಚ್ಚು ಹಾಕಿಸಿ ಹಂಚುತ್ತಿದ್ದರು. ಕಲಬುರಗಿ, ಬೀದರ್ ಕಡೆಯ ಉರ್ದು ಮಾತಾಡುವ ಮನೆಗಳಲ್ಲಿ ಮದುಮಗನನ್ನು ಹೊಗಳುವ ಸೆಹ್ರಾ ಪದ್ಯಗಳದ್ದೂ ಇದೇ ಕತೆ. ಅಂದಹಾಗೆ, 1852ರಲ್ಲಿ ದೆಹಲಿಯ ಬಾದಶಹನ ಮಗ ಜವಾನ್ ಬಖ್ತನ ಮದುವೆಗೆ ಗಾಲಿಬ್ ಮತ್ತು ಝೌಕ್ ಇಬ್ಬರೂ ಸೆಹ್ರಾ ಬರೆದು, ಅದರಿಂದ ದೊಡ್ಡ ಜಿದ್ದೇ ಬೆಳೆಯಿತು. ಸಂದರ್ಭಕ್ಕೆ ಬರೆದ ಪದ್ಯ ಅಂತ ಯಾರೂ ಹಗುರವಾಗಿ ತಗೊಳ್ಳುತ್ತಿರಲಿಲ್ಲ.

ಆದರೂ ನಾನು ಇಂಗ್ಲೆಂಡಿನ ಹಾಳೆಗಳ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ಕಾರಣ ಇಷ್ಟೇ. ಅಲ್ಲಿ ನಾಲ್ಕು ನೂರು ವರ್ಷಗಳಿಂದ ಜನ ಇವನ್ನು ಕೂಡಿಟ್ಟಿದ್ದಾರೆ. ಕೂಡಿಟ್ಟದ್ದನ್ನು ಓದುವ ವಿದ್ಯೆಯೂ ಅಲ್ಲೇ ಬೆಳೆದಿದೆ. ಆ ವಿದ್ಯೆ ನಮ್ಮ ಹಾಳೆಗಳಿಗೂ ಬೇಕು.

ಹಾಳೆಯ ತಲೆಯ ಮೇಲಿನ ಸಾಲು

ಹಳೆಯ ಇಂಗ್ಲಿಷ್ ಹಾಡಿನ ಹಾಳೆ ಕೈಗೆ ಬಂದರೆ ಮೊದಲು ಕಾಣುವುದು ಉದ್ದನೆಯ ಶೀರ್ಷಿಕೆ. ಅದರ ಕೆಳಗೆ 'ಇಂಥ ಹಾಡಿನ ಧಾಟಿ' ಎಂಬ ಒಂದು ಸಾಲು. ಸ್ವರಲಿಪಿ ಇರುವುದು ಅಪರೂಪ. ನಮ್ಮ ಹಳೆಯ ಭಜನೆ ಪುಸ್ತಕಗಳಲ್ಲೂ ಹಾಡಿನ ತಲೆಯ ಮೇಲೆ 'ಧಾಟಿ' ಅಂತ ಹಾಕಿ ಜನಕ್ಕೆ ಗೊತ್ತಿರುವ ಯಾವುದೋ ಹಾಡಿನ ಮೊದಲ ಸಾಲು ಕೊಟ್ಟಿರುತ್ತಾರಲ್ಲ, ಅದೇ ಪದ್ಧತಿ. ಕೊಳ್ಳುವವನಿಗೆ ರಾಗ ಮೊದಲೇ ಬರುತ್ತದೆ. ಹೊಸ ಪದ ಸಿಕ್ಕರೆ ಸಾಕು, ಹಾಡಿಕೊಳ್ಳುತ್ತಾನೆ.

ಈ ಸಾಲನ್ನು ಬರೀ ಸೂಚನೆ ಅಂತ ದಾಟಿ ಹೋಗಬಾರದು. 'ಫಾರ್ಚೂನ್ ಮೈ ಫೋ' ಎಂಬ ಒಂದು ಧಾಟಿ ಇತ್ತು. ವಿಧಿಯೇ ನನ್ನ ಹಗೆಯೇ ಎಂದು ಶುರುವಾಗುವ, ನಿಧಾನವಾಗಿ ಎಳೆಯುವ ರಾಗ. ಗಲ್ಲಿಗೇರುವವರ ಹಾಡುಗಳನ್ನು ಇದೇ ಧಾಟಿಯಲ್ಲಿ ಎಷ್ಟು ಕಟ್ಟಿದರೆಂದರೆ ಜನ ಇದನ್ನು ಗಲ್ಲಿನ ರಾಗ ಅಂತಲೇ ಕರೆದರು. ಶೀರ್ಷಿಕೆಯ ಕೆಳಗೆ ಆ ಹೆಸರು ಕಂಡ ಕೂಡಲೇ ಓದುವವನಿಗೆ ಸಾವು ಬರುತ್ತಿದೆ ಅಂತ ಗೊತ್ತಾಗುತ್ತಿತ್ತು. ಪದ್ಯದಲ್ಲಿ ಇನ್ನೂ ಆ ಮಾತೇ ಬಂದಿರುವುದಿಲ್ಲ. ವಿಲಿಯಂ ಬರ್ಡ್‌ನಂಥ ದೊಡ್ಡ ಸಂಗೀತಗಾರರು ಇದನ್ನು ವಾದ್ಯಕ್ಕೆ ಅಳವಡಿಸಿದ್ದರಿಂದ ಆ ರಾಗ ಇವತ್ತಿಗೂ ಉಳಿದಿದೆ. ಹಾಳೆಯ ಪದ್ಯವನ್ನು ಮಾತ್ರ ಬರೆದುಕೊಂಡು ಧಾಟಿಯ ಸಾಲನ್ನು ಬಿಟ್ಟರೆ ಹಾಡಿನ ಅರ್ಧ ಜೀವ ಹೋಯಿತು ಅಂತಲೇ ಲೆಕ್ಕ.

ಧಾಟಿಯ ಜೊತೆಗೆ ಚಿತ್ರ. ಮರದ ಹಲಗೆಯಲ್ಲಿ ಕೆತ್ತಿದ ಅಚ್ಚು. ಹಲಗೆ ಕೆತ್ತಿಸುವುದಕ್ಕೆ ದುಡ್ಡು ಬೇಕು, ಆದ್ದರಿಂದ ಇದ್ದ ಅಚ್ಚನ್ನೇ ಮತ್ತೆ ಮತ್ತೆ ಬಳಸುತ್ತಿದ್ದರು. ಒಂದು ಹಾಳೆಯಲ್ಲಿ ಪ್ರೇಮಿಯಾಗಿ ನಿಂತ ಟೋಪಿಯವನು ಇನ್ನೊಂದರಲ್ಲಿ ರಾಜ, ಮತ್ತೊಂದರಲ್ಲಿ ಕೊಲೆಗಾರ. ಹೊಸಬರಿಗೆ ಇದು ಅಡ್ಡಾದಿಡ್ಡಿ ಕೆಲಸ ಅನ್ನಿಸಬಹುದು. ಕೂಡಿಡುವವರಿಗೆ ಮಾತ್ರ ಇದು ಚಿನ್ನ. ಹಲಗೆ ಹಳೆಯದಾದಂತೆ ಬಿರುಕು ಬಿಡುತ್ತದೆ, ಹುಳ ಕೊರೆಯುತ್ತದೆ. ಹುಳ ಕೊರೆದ ತೂತಿಗೆ ಶಾಯಿ ಹತ್ತುವುದಿಲ್ಲ, ಹಾಗಾಗಿ ಅಚ್ಚಿನಲ್ಲಿ ಅಲ್ಲಿ ಬಿಳಿ ಚುಕ್ಕೆ ಬೀಳುತ್ತದೆ. ಒಂದೇ ಚಿತ್ರ ಇರುವ ಎರಡು ಹಾಳೆ ಪಕ್ಕಪಕ್ಕ ಇಡಿ. ಯಾವುದರಲ್ಲಿ ಬಿರುಕು ಉದ್ದವಾಗಿದೆ, ಚುಕ್ಕೆ ಹೆಚ್ಚಿದೆ ನೋಡಿ. ಅದೇ ಆಮೇಲೆ ಅಚ್ಚಾದದ್ದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಾಳೆಯ ಪಾದದಲ್ಲಿ ಸಣ್ಣ ಅಕ್ಷರದಲ್ಲಿರುವ ಮುದ್ರಕನ ವಿಳಾಸ. ಹಾಡಿನ ಹಾಳೆಗಳ ಮೇಲೆ ಇಸವಿ ಇರುವುದು ಕಡಿಮೆ. ಇಸವಿ ಹಾಕಿದರೆ ಮುಂದಿನ ವರ್ಷ ಹಳೆ ಸರಕಾಗುತ್ತದೆ ನೋಡಿ. ವಿಳಾಸ ಮಾತ್ರ ಇರುತ್ತದೆ. ಲಂಡನ್ನಿನ ಸೆವೆನ್ ಡಯಲ್ಸ್ ಎಂಬ ಬಡವರ ಬೀದಿಯಲ್ಲಿ ಜಾನ್ ಪಿಟ್ಸ್ ಎಂಬ ಮುದ್ರಕ ಇದ್ದ. 1802ರಿಂದ 1819ರವರೆಗೆ ಅವನ ಅಂಗಡಿ ಗ್ರೇಟ್ ಸೇಂಟ್ ಆಂಡ್ರೂ ಬೀದಿಯ 14ನೇ ನಂಬರಿನಲ್ಲಿತ್ತು. 1819ರಲ್ಲಿ ಅದೇ ಬೀದಿಯ 6ನೇ ನಂಬರಿಗೆ ಹೋದ. ಹಾಳೆಯ ತುದಿಯಲ್ಲಿ 14 ಇದ್ದರೆ 1819ಕ್ಕಿಂತ ಹಿಂದಿನದು, 6 ಇದ್ದರೆ ಆಮೇಲಿನದು. ಒಂದು ಮನೆ ನಂಬರು ಇಷ್ಟು ಹೇಳುತ್ತದೆ. ಆದ್ದರಿಂದಲೇ ಹಾಳೆಯ ಅಂಚು ಕತ್ತರಿಸಬೇಡಿ ಅಂತ ಎಲ್ಲರೂ ಬಡಿದುಕೊಳ್ಳುವುದು.

ಮುದ್ರಕನ ಹೆಸರು ಇರುವುದಕ್ಕೆ ಕಾನೂನೂ ಒಂದು ಕಾರಣ. ಫ್ರಾನ್ಸಿನ ಕ್ರಾಂತಿಯ ಗಾಳಿ ಇಂಗ್ಲೆಂಡಿಗೂ ಬೀಸೀತು ಎಂಬ ಹೆದರಿಕೆಯಲ್ಲಿ 1799ರಲ್ಲಿ ಅಲ್ಲಿನ ಸರ್ಕಾರ ಒಂದು ಕಾಯ್ದೆ ತಂದಿತು. ಅಚ್ಚಾದ ಕಾಗದದ ಮೇಲೆ ಮುದ್ರಕನ ಹೆಸರು, ವಿಳಾಸ ಇರಲೇಬೇಕು ಎಂದಿತು. ಬ್ರಿಟಿಷ್ ಇಂಡಿಯಾದಲ್ಲಿ 1867ರ ಕಾಯ್ದೆಯೂ ಮುದ್ರಕನ ಹೆಸರು ಮತ್ತು ಅಚ್ಚಾದ ಊರು ಬೇಕು ಎಂದಿತು. ಆಗ ಧಾರವಾಡ, ಮಂಗಳೂರು, ಬಳ್ಳಾರಿ ಎಲ್ಲ ಅದರ ವ್ಯಾಪ್ತಿಗೆ ಬರುತ್ತಿದ್ದವು. ಈಗ ಯಾವುದಾದರೂ ಹಳೆಯ ಬಿನ್ನವತ್ತಳೆಯ ಕೆಳಗಿನ ಮೂಲೆ ನೋಡಿ. ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಪ್ರೆಸ್ಸಿನ ಹೆಸರು, ಊರು ಕಾಣುತ್ತದೆ. ಅವತ್ತು ಕಣ್ಣಿಟ್ಟು ಕಾಯುವುದಕ್ಕೆ ಅಂತ ಮಾಡಿದ ಕಾನೂನು ಇವತ್ತು ಹಾಳೆಯ ಊರು ಪತ್ತೆ ಹಚ್ಚುವುದಕ್ಕೆ ನಮಗೆ ಒದಗುತ್ತಿದೆ.

ಯಾವ ಸಂದರ್ಭಕ್ಕೆ ಯಾವ ಹಾಡು

ಪಟ್ಟಾಭಿಷೇಕ, ಯುದ್ಧದ ಗೆಲುವು, ಮದುವೆ, ಸಾವು, ಹಬ್ಬ. ಎಲ್ಲಕ್ಕೂ ಹಾಳೆ ಇತ್ತು. ಕ್ರಿಸ್‌ಮಸ್‌ಗೆ ಹಾಡುಗಳ ದೊಡ್ಡ ಹಾಳೆ ಬರುತ್ತಿತ್ತು. ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ ಯಾರಾದರೂ ಪಾದ್ರಿ ತೀರಿಕೊಂಡರೆ ಸುತ್ತ ದಪ್ಪ ಕಪ್ಪು ಅಂಚು ಹಾಕಿದ ಶೋಕಗೀತೆಯ ಹಾಳೆ ಅಚ್ಚಾಗುತ್ತಿತ್ತು.

ನನ್ನ ಮನಸ್ಸಿಗೆ ಹತ್ತಿರವಾದದ್ದು ಪೇಪರ್ ಹುಡುಗರ ಹಾಳೆ. ಅಮೆರಿಕದಲ್ಲಿ 18 ಮತ್ತು 19ನೇ ಶತಮಾನದಲ್ಲಿ ಮನೆಮನೆಗೆ ಪತ್ರಿಕೆ ಹಾಕುವ ಹುಡುಗರು ಜನವರಿ 1ರಂದು ಒಂದು ಪದ್ಯದ ಹಾಳೆ ಹಿಡಿದು ಬಾಗಿಲಿಗೆ ಬರುತ್ತಿದ್ದರು. ಪದ್ಯದಲ್ಲಿ ಹೋದ ವರ್ಷದ ಸುದ್ದಿಯೆಲ್ಲ ಇರುತ್ತಿತ್ತು. ಯುದ್ಧ, ಚುನಾವಣೆ, ಬೆಲೆ ಏರಿಕೆ, ಮಳೆ, ಚಳಿ. ಕಡೆಯ ಸಾಲುಗಳಲ್ಲಿ ಹುಡುಗನ ಅಹವಾಲು. ಮಳೆ ಹಿಮ ಎನ್ನದೆ ನಿಮ್ಮ ಬಾಗಿಲಿಗೆ ಬಂದಿದ್ದೇನೆ, ಏನಾದರೂ ಕೊಡಿ ಎಂದು. ನಮ್ಮಲ್ಲಿ ದೀಪಾವಳಿಗೆ ಭಕ್ಷೀಸು ಕೇಳುವ ಹಾಗೇ. ಪದ್ಯವನ್ನು ಪತ್ರಿಕೆಯವರೇ ಯಾರಿಂದಾದರೂ ಬರೆಸಿ ಅಚ್ಚು ಹಾಕಿಸುತ್ತಿದ್ದರು. ಬರೆದವರ ಹೆಸರು ಬಹುಪಾಲು ಇರುತ್ತಿರಲಿಲ್ಲ. ಮುಂದೆ ದೊಡ್ಡ ಕಾದಂಬರಿಕಾರರೆನಿಸಿದ ನಥಾನಿಯಲ್ ಹಾಥಾರ್ನ್ ಕೂಡ 1838ರಲ್ಲಿ ಸೇಲಂ ಊರಿನ ಪತ್ರಿಕೆಯ ಹುಡುಗರಿಗಾಗಿ ಇಂಥದ್ದೊಂದು ಬರೆದುಕೊಟ್ಟಿದ್ದರು. ಅವರದ್ದು ಗದ್ಯ. ಲಂಡನ್ನಿನಲ್ಲಿ ರಾತ್ರಿ ಗಂಟೆ ಬಾರಿಸುತ್ತ ಗಸ್ತು ತಿರುಗುವವರೂ, ಬೀದಿ ದೀಪ ಹಚ್ಚುವವರೂ ಕ್ರಿಸ್‌ಮಸ್ ಸಮಯದಲ್ಲಿ ಇದೇ ಥರ ಪದ್ಯದ ಹಾಳೆ ಕೊಟ್ಟು ಕೈ ಚಾಚುತ್ತಿದ್ದರು. ಆ ಕೆಲಸಗಳೇ ಈಗ ಇಲ್ಲ. ಬ್ರೌನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪೇಪರ್ ಹುಡುಗರ ಹಾಳೆಗಳದ್ದೇ ಒಂದು ದೊಡ್ಡ ಸಂಗ್ರಹ ಇದೆ. ಒಂದೊಂದೇ ಓದುತ್ತ ಹೋದರೆ ಒಂದು ಊರಿನ ಜನ ಯಾವ ವರ್ಷ ಏನು ಮಾತಾಡಿಕೊಂಡರು ಎಂಬುದು ಕಿವಿಗೆ ಬಿದ್ದ ಹಾಗಾಗುತ್ತದೆ.

ಇದಕ್ಕೆ ತೀರ ಬೇರೆಯೇ ಆದ ಇನ್ನೊಂದು ಸಂದರ್ಭ ಗಲ್ಲು. ಇಂಗ್ಲೆಂಡಿನಲ್ಲಿ 1868ರವರೆಗೆ ಜನರ ಎದುರಿಗೇ ಗಲ್ಲಿಗೇರಿಸುತ್ತಿದ್ದರು. ನೋಡಲು ಸಾವಿರಾರು ಜನ ಸೇರುತ್ತಿದ್ದರು. ಆ ಗುಂಪಿನ ನಡುವೆ ಹಾಳೆ ಮಾರುವವರು ಕೂಗುತ್ತ ಓಡಾಡುತ್ತಿದ್ದರು. ಹಾಳೆಯಲ್ಲಿ ಕೊಲೆಯ ವಿವರ, ವಿಚಾರಣೆ, ಗಲ್ಲಿನ ಚಿತ್ರ, ಕಡೆಗೆ ಅಪರಾಧಿಯೇ ಹಾಡುವಂತೆ ಕಟ್ಟಿದ ಗೋಳಿನ ಪದ. ಕೊರಳಿಗೆ ಹಗ್ಗ ಬೀಳುವ ಮೊದಲೇ ಅವನ ಕಡೆಯ ಮಾತು ಅಚ್ಚಾಗಿ ಮಾರಾಟಕ್ಕೆ ಬಂದಿರುತ್ತಿತ್ತು! ಬೀದಿಯ ಬಡವರ ಬದುಕನ್ನು ಅವರ ಬಾಯಿಂದಲೇ ಕೇಳಿ ಬರೆದ ಹೆನ್ರಿ ಮೇಹ್ಯೂ ಅವರಿಗೆ ಈ ಮಾರಾಟಗಾರರು ಲೆಕ್ಕ ಹೇಳಿದ್ದಾರೆ. 1849ರಲ್ಲಿ ಗಲ್ಲಿಗೇರಿದ ಮ್ಯಾನಿಂಗ್ ದಂಪತಿಯ ಹಾಳೆಗಳು 25 ಲಕ್ಷ ಮಾರಾಟವಾದವಂತೆ. ಮಾರಿದವರೇ ಹೇಳಿದ ಲೆಕ್ಕ, ಸ್ವಲ್ಪ ಉಬ್ಬಿರಬಹುದು. ಅರ್ಧಕ್ಕೆ ಇಳಿಸಿಕೊಂಡರೂ ಅಷ್ಟು ಜನ ಒಂದು ಹಾಡನ್ನು ದುಡ್ಡು ಕೊಟ್ಟು ಕೊಂಡರು ಎಂಬುದು ಸಣ್ಣ ಮಾತಲ್ಲ.

ಸಂತೋಷದ ಹಾಡುಗಳೂ ಹಾಗೇ ಮಾರಾಟವಾಗುತ್ತಿದ್ದವು. ಹಾಡುಗಳನ್ನು ಉದ್ದಕ್ಕೆ ಸಾಲಾಗಿ ಅಚ್ಚು ಹಾಕಿ, ಕೋಲಿಗೆ ಇಳಿಬಿಟ್ಟು 'ಒಂದು ಪೆನ್ನಿಗೆ ಮೂರು ಗಜ ಹಾಡು' ಅಂತ ಕೂಗುವವರು ಇದ್ದರು. ಬಟ್ಟೆ ಅಳೆದು ಕೊಟ್ಟ ಹಾಗೆ.

ಇಷ್ಟು ಲಕ್ಷ ಹಾಳೆ ಎಲ್ಲಿ ಹೋದವು?

ಒಲೆಗೆ ಹೋದವು. ಕಡುಬು ಬೇಯಿಸುವ ಪಾತ್ರೆಯ ತಳಕ್ಕೆ ಹೋದವು. ಸಾಮಾನು ಕಟ್ಟಲು ಹೋದವು. ಶೌಚಕ್ಕೂ ಹೋದವು. ಗೋಡೆಗೆ ಅಂಟಿಸಿದ್ದು ಗೋಡೆಯ ಜೊತೆಗೇ ಹೋಯಿತು. 16ನೇ ಶತಮಾನದ ಇಂಗ್ಲಿಷ್ ಹಾಡಿನ ಹಾಳೆಗಳಲ್ಲಿ ಇವತ್ತು ಉಳಿದಿರುವುದು ಕೆಲವೇ ನೂರು. ಎಷ್ಟೋ ಹಾಡುಗಳ ಒಂದೇ ಒಂದು ಪ್ರತಿ ಇಡೀ ಜಗತ್ತಿನಲ್ಲಿದೆ. ಇನ್ನೆಷ್ಟೋ ಹಾಡುಗಳ ಹೆಸರು ಮಾತ್ರ ಲಂಡನ್ನಿನ ಮುದ್ರಕರ ಸಂಘದ ದಾಖಲೆ ಪುಸ್ತಕದಲ್ಲಿ ಉಳಿದಿದೆ, ಹಾಡು ಇಲ್ಲ.

ಉಳಿದದ್ದು ಉಳಿದದ್ದು ಕೆಲವರ ಹಟದಿಂದ. ಸ್ಯಾಮ್ಯುಯೆಲ್ ಪೀಪ್ಸ್ ಹೆಸರು ಮೊದಲು ಹೇಳಬೇಕು. ಇಂಗ್ಲೆಂಡಿನ ನೌಕಾಪಡೆಯ ಆಡಳಿತದಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ದಿನಚರಿಯಿಂದ ಪ್ರಸಿದ್ಧರಾದವರು. ಜಾನ್ ಸೆಲ್ಡನ್ ಎಂಬ ವಿದ್ವಾಂಸರು ಶುರು ಮಾಡಿದ್ದ ಸಂಗ್ರಹ ಪೀಪ್ಸ್ ಕೈಗೆ ಬಂತು. ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ತಿಳಿಯಬೇಕಾದರೆ ಒಂದು ಹುಲ್ಲುಕಡ್ಡಿ ತೂರಿ ನೋಡಬೇಕು, ಕಲ್ಲು ಎಸೆದರೆ ಗೊತ್ತಾಗುವುದಿಲ್ಲ, ಕಾಲದ ಬಣ್ಣ ತಿಳಿಯಲು ಬೀದಿ ಹಾಡು ಆ ಹುಲ್ಲುಕಡ್ಡಿಯ ಹಾಗೆ ಎಂಬ ಅರ್ಥದ ಮಾತನ್ನು ಸೆಲ್ಡನ್ ಆಡಿದ್ದರು. ಪೀಪ್ಸ್ 1700ರವರೆಗೂ ಕೂಡಿಸುತ್ತ ಹೋದರು. ಸುಮಾರು 1,800 ಹಾಡುಗಳು, ಐದು ಸಂಪುಟ. ಭಕ್ತಿ, ಚರಿತ್ರೆ, ದುರಂತ, ಪ್ರೀತಿ, ಕಡಲು, ಕುಡಿತ ಎಂದು ವಿಷಯವಾರು ಜೋಡಿಸಿದರು. ಹಳೆಯ ದಪ್ಪ ಕಪ್ಪು ಅಕ್ಷರ, ಚಿತ್ರ ಎರಡನ್ನೂ ಖರ್ಚು ಉಳಿಸಲು ಮುದ್ರಕರು ಕೈಬಿಡುತ್ತಿದ್ದಾರೆ ಎಂಬುದನ್ನೂ ಗಮನಿಸಿ ಬರೆದಿಟ್ಟರು. ಅವರ ಪುಸ್ತಕಗಳೆಲ್ಲ ಈಗ ಕೇಂಬ್ರಿಡ್ಜಿನ ಮ್ಯಾಗ್ಡಲೀನ್ ಕಾಲೇಜಿನಲ್ಲಿವೆ. ಒಂದು ಪುಸ್ತಕ ಸೇರಿಸಬಾರದು, ಒಂದು ತೆಗೆಯಬಾರದು ಎಂಬ ಷರತ್ತಿನ ಮೇಲೆ ಕೊಟ್ಟದ್ದು. ಒಂದೇ ಬೇಸರ ಅಂದರೆ ಸಂಪುಟದ ಅಳತೆಗೆ ಹೊಂದಿಸಲು ಅವರು ಹಾಳೆಗಳ ಅಂಚು ಕತ್ತರಿಸಿಬಿಟ್ಟರು.

ಎರಡನೆಯ ಹೆಸರು ಅಮೆರಿಕದ ಐಸಾಯ ಥಾಮಸ್. ಇವರ ಕತೆ ನನಗೆ ಪೀಪ್ಸ್ ಕತೆಗಿಂತ ಹೆಚ್ಚು. ಬಡ ಮನೆಯ ಹುಡುಗ. ಆರೇಳು ವರ್ಷಕ್ಕೇ ಬಾಸ್ಟನ್ನಿನ ಒಬ್ಬ ಮುದ್ರಕನ ಬಳಿ ಕೆಲಸಕ್ಕೆ ಬಿಟ್ಟರು. ಮೊಳೆಯ ಪೆಟ್ಟಿಗೆಗೆ ಕೈ ಎಟುಕದೆ ಬೆಂಚಿನ ಮೇಲೆ ನಿಂತು ಕೆಲಸ ಮಾಡುತ್ತಿದ್ದ. ಅಕ್ಷರ ಗುರುತಿಸಲು ಬರುತ್ತಿತ್ತು ಅಷ್ಟೇ, ಇನ್ನೂ ಪದ ಕೂಡಿಸಿ ಬರೆಯಲು ಕಲಿತಿರಲಿಲ್ಲ. ಅವನು ಮೊದಲು ಜೋಡಿಸಿದ ಮೊಳೆ ಒಂದು ಪೋಲಿ ಬೀದಿ ಹಾಡಿನದು. ಆ ಹುಡುಗ ಬೆಳೆದು ದೇಶದ ದೊಡ್ಡ ಮುದ್ರಕನಾದರು. 1812ರಲ್ಲಿ ವೂಸ್ಟರ್ ಊರಿನಲ್ಲಿ ಹಳೆಯ ಪುಸ್ತಕ, ಕಾಗದಗಳನ್ನು ಕಾಪಾಡುವ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿ ಕಟ್ಟಿದರು.

ಮಾರನೆಯ ವರ್ಷ ಅವರು ಮಾಡಿದ ಕೆಲಸ ನೋಡಿ. ಬಾಸ್ಟನ್ನಿನ ಒಬ್ಬ ಹಾಡು ಮಾರುವ ಮುದ್ರಕನ ಅಂಗಡಿಯಿಂದ ಆಗ ಮಾರಾಟಕ್ಕಿದ್ದ 300ಕ್ಕೂ ಹೆಚ್ಚು ಹಾಳೆ ಕೊಂಡರು. ಮೂರು ಸಂಪುಟವಾಗಿ ಕಟ್ಟಿಸಿದರು. ಈ ಕಾಲದಲ್ಲಿ ಸಾಮಾನ್ಯ ಜನರ ನಡುವೆ ಎಂಥ ಹಾಡು ಓಡುತ್ತಿದ್ದವು ಎಂದು ತೋರಿಸಲು ಇವನ್ನು ಕಾಪಾಡಿ ಇಟ್ಟಿದ್ದೇನೆ ಎಂಬ ಅರ್ಥದಲ್ಲಿ ಟಿಪ್ಪಣಿ ಬರೆದು 1814ರಲ್ಲಿ ಸೊಸೈಟಿಗೆ ಕೊಟ್ಟರು. ಅವತ್ತಿಗೆ ಅವು ಹಳೆಯ ಹಾಳೆಗಳಲ್ಲ. ಶಾಯಿ ಆರಿ ಹೆಚ್ಚು ದಿನ ಆಗಿರಲಿಲ್ಲ. ಯಾರು ಬೇಕಾದರೂ ಕೆಲವು ಕಾಸಿಗೆ ಕೊಳ್ಳಬಹುದಿತ್ತು. ಆದರೆ ಇಡಬೇಕು ಅಂತ ಹೊಳೆದದ್ದು ಅವರಿಗೆ. ಬೆಂಚಿನ ಮೇಲೆ ನಿಂತು ಮೊಳೆ ಜೋಡಿಸಿದ ಆ ಹುಡುಗನ ಕೈಯೇ ಇದನ್ನು ಮಾಡಿಸಿತು ಅಂತ ನಾನು ನಂಬುತ್ತೇನೆ. ಹಾಳೆ ಕೂಡಿಡುವುದು ಅಂದರೆ ಹಳೆಯದನ್ನು ಹುಡುಕುವುದು ಅಂತಷ್ಟೇ ತಿಳಿದವರಿಗೆ ನಾನು ಯಾವಾಗಲೂ ಈ ಕತೆ ಹೇಳುತ್ತೇನೆ.

ಇವತ್ತು ಇವನ್ನೆಲ್ಲ ಮನೆಯಲ್ಲೇ ಕೂತು ನೋಡಬಹುದು. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಸುಮಾರು 30,000 ಹಾಡಿನ ಹಾಳೆಗಳಿವೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಸುಮಾರು 1,800 ಹಾಳೆಗಳನ್ನು ಪುಕ್ಕಟೆಯಾಗಿ ಆನ್‌ಲೈನ್‌ನಲ್ಲಿ ಇಟ್ಟಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾದಲ್ಲಿರುವ ಸಂಗ್ರಹದವರು ಪೀಪ್ಸ್ ಹಾಳೆಗಳ ಚಿತ್ರ ತೆಗೆದು, ಧಾಟಿ ಸಿಕ್ಕಿದ ಹಾಡುಗಳನ್ನು ಹಾಡಿಸಿ ಕೇಳಿಸುತ್ತಾರೆ. ಒಂದೇ ಹಾಡು ಬೇರೆ ಬೇರೆ ಹೆಸರಿನಲ್ಲಿ, ಬೇರೆ ಬೇರೆ ಮೊದಲ ಸಾಲಿನಲ್ಲಿ ಸಿಗುವುದು ಇಲ್ಲಿನ ದೊಡ್ಡ ತಲೆನೋವು. ಅದಕ್ಕೆ ಗ್ರಂಥಪಾಲಕರಾಗಿದ್ದ ಸ್ಟೀವ್ ರೌಡ್ ಎಂಬವರು ಪ್ರತಿ ಹಾಡಿಗೂ ಒಂದು ನಂಬರು ಕೊಟ್ಟು ಪಟ್ಟಿ ಮಾಡಿದ್ದಾರೆ. 'ಬಾರ್ಬರಾ ಅಲನ್' ಹಾಡಿನ ನಂಬರು 54. ಎಲ್ಲಿ, ಯಾವ ರೂಪದಲ್ಲಿ ಸಿಕ್ಕರೂ ಅದು 54ನೇ. ಪೀಪ್ಸ್ 1666ರ ಜನವರಿ 2ರಂದು ಒಬ್ಬ ನಟಿಯ ಬಾಯಲ್ಲಿ ಕೇಳಿ ಖುಷಿಪಟ್ಟದ್ದೂ ಇದೇ ಹಾಡು. ನಮ್ಮ ಲಾವಣಿ, ಗೀಗೀ ಪದಗಳಿಗೆ ಯಾರಾದರೂ ಇಂಥ ಪಟ್ಟಿ ಮಾಡಬೇಕು ಎಂಬುದು ನನ್ನ ಬಹುದಿನದ ಆಸೆ.

ಕೈಗೆ ಹಾಳೆ ಬಂದಾಗ

ಅಸಲಿಯೋ ಆಮೇಲಿನ ನಕಲೋ ಎಂಬ ಪ್ರಶ್ನೆ ಮೊದಲು ಬರುತ್ತದೆ. ಹಾಳೆಯನ್ನು ಬೆಳಕಿಗೆ ಹಿಡಿಯಿರಿ. 18ನೇ ಶತಮಾನದ ನಡುವಿನವರೆಗೆ ಕಾಗದವನ್ನು ತಂತಿ ಜೋಡಿಸಿದ ಜರಡಿಯಲ್ಲಿ ಎತ್ತಿ ಮಾಡುತ್ತಿದ್ದರು. ಆ ತಂತಿಯ ಗೆರೆಗಳು ಒಳಗೆ ಕಾಣುತ್ತವೆ. ಗೆರೆಯೇ ಇಲ್ಲದ ನಯವಾದ ಕಾಗದದ ಮೇಲೆ 1600ರ ಹಾಡಿದ್ದರೆ ಅದು ಆಮೇಲೆ ಮತ್ತೆ ಅಚ್ಚಾದದ್ದು. ಆಮೇಲೆ ಹಾಳೆ ತಿರುಗಿಸಿ ಹಿಂಬದಿಯಲ್ಲಿ ಬೆರಳಾಡಿಸಿ. ಮೊಳೆ ಒತ್ತಿ ಅಚ್ಚು ಹಾಕಿದ್ದರೆ ಸಣ್ಣಗೆ ಉಬ್ಬು ಸಿಗುತ್ತದೆ. ಆಫ್‌ಸೆಟ್ ಅಚ್ಚಿನಲ್ಲಿ ಸಪಾಟಾಗಿರುತ್ತದೆ. ನಮ್ಮ ಊರಿನ ಸಣ್ಣ ಪ್ರೆಸ್ಸುಗಳ ಹಳೆಯ ಹಾಳೆಗಳಿಗೂ ಈ ಬೆರಳಿನ ಪರೀಕ್ಷೆ ನಡೆಯುತ್ತದೆ. ಅಕ್ಷರವನ್ನೂ ನೋಡಿ. ಇಂಗ್ಲಿಷಿನಲ್ಲಿ 'ಎಫ್' ಹಾಗೆ ಕಾಣುವ ಉದ್ದನೆಯ 'ಎಸ್' 1800ರ ಸುಮಾರಿಗೆ ಮಾಯವಾಯಿತು.

ಇನ್ನೊಂದು ಮಾತು ಕೇಳಿದರೆ ಆಶ್ಚರ್ಯ ಆಗಬಹುದು. 1650ರ ಹಾಳೆ 1950ರ ಹಾಳೆಗಿಂತ ಗಟ್ಟಿಯಾಗಿರುತ್ತದೆ. ಆಗ ಕಾಗದ ಮಾಡುತ್ತಿದ್ದದ್ದು ಹಳೆಯ ನಾರುಬಟ್ಟೆಯ ಚಿಂದಿಯಿಂದ. 19ನೇ ಶತಮಾನದ ನಡುವಿನಿಂದ ಮರದ ತಿರುಳು ಬಂತು. ಅಗ್ಗವಾಯಿತು, ಆದರೆ ಅದರಲ್ಲಿ ಉಳಿಯುವ ಆಮ್ಲ ಕಾಗದವನ್ನು ಒಳಗಿನಿಂದಲೇ ಸುಡುತ್ತದೆ. ಹಳದಿಯಾಗುತ್ತದೆ, ಕಂದಾಗುತ್ತದೆ, ಮಡಿಸಿದಲ್ಲಿ ಹಪ್ಪಳದ ಹಾಗೆ ಮುರಿಯುತ್ತದೆ. ಹಾಗಾಗಿ ನಮ್ಮ ಮನೆಯ ಬಿನ್ನವತ್ತಳೆಗೆ ಪೀಪ್ಸ್ ಹಾಳೆಗಿಂತ ಜಾಸ್ತಿ ಆರೈಕೆ ಬೇಕು.

ಏನು ಮಾಡಬೇಕು ಅನ್ನುವುದಕ್ಕಿಂತ ಏನು ಮಾಡಬಾರದು ಎಂಬುದು ಮುಖ್ಯ. ಲ್ಯಾಮಿನೇಷನ್ ಮಾಡಿಸಬೇಡಿ, ಅದನ್ನು ಆಮೇಲೆ ಬಿಡಿಸಲು ಆಗುವುದಿಲ್ಲ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಕೆಲವೇ ವರ್ಷದಲ್ಲಿ ಕಂದು ಕಲೆಯಾಗಿ ಕಾಗದಕ್ಕೆ ಇಳಿಯುತ್ತದೆ. ಮೈದಾ ಗೋಂದಿನಿಂದ ರಟ್ಟಿಗೆ ಅಂಟಿಸಿದರೆ ಪುಸ್ತಕ ತಿನ್ನುವ ಬೆಳ್ಳಿ ಬಣ್ಣದ ಹುಳಕ್ಕೆ ಊಟ ಹಾಕಿದ ಹಾಗೆ. ಆಮ್ಲ ಇಲ್ಲದ ಕಾಗದದ ನಡುವೆ, ಮಡಿಸದೆ, ಮಲಗಿಸಿ ಇಡಿ. ಬಿಸಿಲು ಬೀಳಬಾರದು. ಮಲೆನಾಡು, ಕರಾವಳಿಯವರು ಮಳೆಗಾಲ ಮುಗಿದ ಮೇಲೆ ಒಮ್ಮೆ ತೆಗೆದು ನೆರಳಿನಲ್ಲಿ ಗಾಳಿಗೆ ಇಟ್ಟು ನೋಡಬೇಕು. ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಖಾಲಿ ಹಿಂಬದಿಯೂ ಮುಖ್ಯ, ಯಾರೋ ಲೆಕ್ಕ ಬರೆದಿರುತ್ತಾರೆ, ಮಗು ಗೀಚಿರುತ್ತದೆ.

ಹಾಳೆಯ ಜೊತೆ ಅದರ ಸಂದರ್ಭವನ್ನೂ ಇಡಬೇಕು. ಯಾರ ಮನೆಯಿಂದ ಬಂತು, ಯಾವ ದಿನ, ಯಾರು ಓದಿದರು, ಯಾರು ಹಾಡಿದರು. ಪೀಪ್ಸ್ ಹಾಳೆಗಳ ಬಗ್ಗೆ ಇಷ್ಟು ಗೊತ್ತಿದ್ದರೂ ಅವನ್ನು ಅವರಿಗಿಂತ ಮೊದಲು ಯಾರು ಹಾಡಿದರು ಎಂಬುದು ಹಾಳೆಯಲ್ಲಿ ಇಲ್ಲ. ನಮ್ಮ ಹಾಳೆಗಳ ಮಟ್ಟಿಗೆ ಕೇಳಿ ತಿಳಿಯಲು ಇನ್ನೂ ಜನ ಇದ್ದಾರೆ.

ನಮ್ಮ ತಾತ ಪ್ರಾಥಮಿಕ ಶಾಲೆಯ ಮೇಷ್ಟ್ರು. ಅವರ ಬಿನ್ನವತ್ತಳೆಗೆ ಕಟ್ಟು ಹಾಕಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದ್ದೆವು. ಬಿಸಿಲಿಗೆ ಎಡಗಡೆಯ ಅಂಚು ಮಾಸಿತ್ತು. ಮೂರು ವರ್ಷದ ಹಿಂದೆ ಅದನ್ನು ಕಟ್ಟಿನಿಂದ ಬಿಡಿಸಿದೆ. ಹಿಂದೆ ಆಧಾರಕ್ಕೆ ಇಟ್ಟಿದ್ದ ರಟ್ಟು ಹುಳ ತಿಂದು ಜಾಲರಿಯಾಗಿತ್ತು, ಹಾಳೆ ಮಾತ್ರ ಪುಣ್ಯಕ್ಕೆ ಉಳಿದಿತ್ತು. ಕಡೆಯಲ್ಲಿ ಹನ್ನೆರಡು ಸಾಲಿನ ಪದ್ಯ. ಬರೆದವರ ಹೆಸರಿಲ್ಲ. ಅಜ್ಜಿಯನ್ನು ಕೇಳಿದೆ. 'ಅದನ್ನ ಓದಲಿಲ್ಲ ಕಣೋ, ಹಾಡಿದ್ರು. ಏಳನೇ ಕ್ಲಾಸಿನ ಹುಡುಗೀರು' ಅಂದರು. ಯಾವ ಧಾಟಿ ಅಜ್ಜಿ ಅಂತ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲ ಎರಡು ಸಾಲನ್ನು ಮೆಲ್ಲಗೆ ಹಾಡಿ ತೋರಿಸಿದರು. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಹಾಳೆಯ ಹಿಂದೆ ಮೂಲೆಯಲ್ಲಿ ಪೆನ್ಸಿಲಿನಿಂದ ಇಷ್ಟು ಬರೆದಿದ್ದೇನೆ: 'ಏಳನೇ ತರಗತಿಯ ಹುಡುಗಿಯರು ಹಾಡಿದ್ದು. ಧಾಟಿ ಅಜ್ಜಿಗೆ ಗೊತ್ತು.'